ಗುಸೆವ್ ಕುಳಿಯಲ್ಲಿ ಬೂಟ್ ಲೂಪ್: ಸ್ಪಿರಿಟ್ ರೋವರ್ ಎದ್ದು, ಬಿದ್ದು, ಮತ್ತೆ ಎದ್ದದ್ದು ಹೇಗೆ

2004ರ ಜನವರಿ 21, ಬುಧವಾರ. ಸ್ಪಿರಿಟ್ ರೋವರ್ ಮಂಗಳನ ಗುಸೆವ್ ಕುಳಿಯಲ್ಲಿ ಇಳಿದು 18ನೇ ಸೋಲ್. ಸೋಲ್ ಅಂದರೆ ಅಲ್ಲಿನ ಒಂದು ದಿನ, ನಮ್ಮ 24 ಗಂಟೆಗಿಂತ 39 ನಿಮಿಷ ಚಿಲ್ಲರೆ ಜಾಸ್ತಿ. ಬೆಳಿಗ್ಗೆ ನಾಸಾ ತಂಡದವರು ಕಮಾಂಡ್ ಕಳಿಸಿದರು. "ಕೇಳಿಸ್ತು" ಅನ್ನುವಷ್ಟು ಒಂದು ಸಣ್ಣ ಸಿಗ್ನಲ್ ವಾಪಸ್ ಬಂತು. ಆಮೇಲೆ ಇಡೀ ದಿನ ಬರಬೇಕಿದ್ದ ಡೇಟಾ ಬರಲೇ ಇಲ್ಲ.

ಆ ಹೊತ್ತಿಗೆ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿರುವ ಆಂಟೆನಾ ಕೇಂದ್ರದ ಸುತ್ತ ಗುಡುಗು ಮಳೆ. ಹಾಗಾಗಿ ಮೊದಲ ಅನುಮಾನ ಮಳೆಯ ಮೇಲೆ. ರೋವರ್‌ನಲ್ಲಿ ಆಗ ಮಿನಿ-ಟೆಸ್ ಅನ್ನುವ ಉಪಕರಣದ ಕನ್ನಡಿ ತಿರುಗಿಸುವ ಮೋಟರಿನ ಪರೀಕ್ಷೆ ನಡೆಯುತ್ತಿತ್ತು. ಹಾಗಾಗಿ ಎರಡನೇ ಅನುಮಾನ ಮೋಟರಿನ ಮೇಲೆ. ಎರಡೂ ತಪ್ಪು. ಆದರೆ ನಾವೆಲ್ಲ ಮಾಡುವುದೂ ಇದನ್ನೇ ಅಲ್ವಾ? ಬೋರ್ಡ್ ಸತ್ತಾಗ ಕೊನೆಗೆ ಏನನ್ನು ಮುಟ್ಟಿದ್ದೆವೋ ಅದರ ಮೇಲೆ ಗೂಬೆ ಕೂರಿಸುತ್ತೇವೆ.

ನಾನು ಸಣ್ಣ ಕಂಟ್ರೋಲರ್ ಬೋರ್ಡುಗಳಿಗೆ ಫರ್ಮ್‌ವೇರ್, ಅಂದರೆ ಚಿಪ್ಪಿನೊಳಗೇ ಕೂರುವ ಸಾಫ್ಟ್‌ವೇರ್, ಬರೆಯುವವನು. ರಿಯಲ್-ಟೈಮ್ ಕರ್ನೆಲ್ (ಯಂತ್ರದ ಕೆಲಸಗಳನ್ನು ಹೊತ್ತಿಗೆ ಸರಿಯಾಗಿ ಓಡಿಸುವ ತಿರುಳು ಸಾಫ್ಟ್‌ವೇರ್) ಬೂಟ್ ಆಗದೆ, ಅಂದರೆ ಶುರುವಾಗದೆ, ನಿಂತರೆ ಹುಡುಕುವುದು ಹೇಗೆ ಅಂತ ಹೊಸಬರು ಕೇಳಿದಾಗೆಲ್ಲ ನಾನು ಈ ಸ್ಪಿರಿಟ್ ಪ್ರಕರಣವನ್ನೇ ಹೇಳುತ್ತೇನೆ. ಯಾಕಂದ್ರೆ ಅಲ್ಲಿ ಸೀರಿಯಲ್ ಪೋರ್ಟ್ ಇಲ್ಲ, ಡೀಬಗ್ಗರ್ ಇಲ್ಲ, ರೀಸೆಟ್ ಬಟನ್ ಒತ್ತಲು ಕೈ ಇಲ್ಲ. ಒಂದು ಸಿಗ್ನಲ್ ಹೋಗಿ ಮುಟ್ಟುವುದಕ್ಕೇ ಆಗ ಸುಮಾರು 10 ನಿಮಿಷ ಬೇಕಿತ್ತು. ಆದರೂ ಕೆಲವೇ ದಿನಗಳಲ್ಲಿ ಗಂಟು ಬಿಡಿಸಿದರು. ಬಿಡಿಸಿದ್ದು ಒಂದೇ ಪ್ರಶ್ನೆ ಹಿಡಿದುಕೊಂಡು: ರೀಸೆಟ್ ಆದಾಗ ಏನು ಅಳಿಸಿ ಹೋಗುತ್ತೆ, ಏನು ಉಳಿಯುತ್ತೆ?

ಮೊದಲು ಯಂತ್ರ

ಸ್ಪಿರಿಟ್‌ನ ಮೆದುಳು ರ್ಯಾಡ್6000 ಅನ್ನುವ, ವಿಕಿರಣ ತಡೆದುಕೊಳ್ಳುವ ಪ್ರೊಸೆಸರ್. ವೇಗ 20 ಮೆಗಾಹರ್ಟ್ಸ್. 128 ಎಂಬಿ ರ್ಯಾಮ್, 256 ಎಂಬಿ ಫ್ಲ್ಯಾಶ್, 3 ಎಂಬಿ ಇಇಪ್ರಾಮ್ (ಫ್ಲ್ಯಾಶ್ ಥರ ಕರೆಂಟ್ ಹೋದರೂ ಉಳಿಯುವ ಇನ್ನೊಂದು ಮೆಮೊರಿ). ಇದರ ಮೇಲೆ ಓಡುತ್ತಿದ್ದದ್ದು ವಿಂಡ್ ರಿವರ್ ಕಂಪನಿಯ ವಿಎಕ್ಸ್‌ವರ್ಕ್ಸ್ ಅನ್ನುವ ರಿಯಲ್-ಟೈಮ್ ಕರ್ನೆಲ್. 1997ರಲ್ಲಿ ಮಂಗಳನ ಮೇಲೆ ಇಳಿದ ಪಾತ್‌ಫೈಂಡರ್‌ನಲ್ಲೂ ಇದೇ ಪ್ರೊಸೆಸರ್, ಇದೇ ಕರ್ನೆಲ್. ಅದೂ ತನ್ನಷ್ಟಕ್ಕೆ ರೀಸೆಟ್ ಆಗುತ್ತಿತ್ತು, ಪ್ರಯಾರಿಟಿ ಇನ್ವರ್ಷನ್ ಕಾರಣಕ್ಕೆ. ಕಡಿಮೆ ಪ್ರಾಮುಖ್ಯತೆಯ ಟಾಸ್ಕ್ ಬೀಗ ಹಿಡಿದು ಕೂತು, ಮೇಲಿನ ಟಾಸ್ಕ್ ಕಾಯುತ್ತಾ ಕಾಯುತ್ತಾ ವಾಚ್‌ಡಾಗ್ (ಕೆಲಸ ಹೊತ್ತಿಗೆ ಮುಗಿಯದಿದ್ದರೆ ರೀಸೆಟ್ ಮಾಡುವ ಕಾವಲು ಟೈಮರ್) ಕಚ್ಚುವ ಕಥೆ, ಕಾಲೇಜಿನಲ್ಲಿ ಎಲ್ಲರೂ ಕೇಳಿರುತ್ತೀರಿ. ಆದರೆ ಪಾತ್‌ಫೈಂಡರ್ ರೀಸೆಟ್ ಆದ ಮೇಲೆ ಎದ್ದು ಕೆಲಸ ಮಾಡುತ್ತಿತ್ತು. ಸ್ಪಿರಿಟ್‌ಗೆ ಆಗಿದ್ದು ಬೇರೆ. ಅದು ಏಳುತ್ತಲೇ ಬೀಳುತ್ತಿತ್ತು.

ಆ ಕಾಲದ ವಿಎಕ್ಸ್‌ವರ್ಕ್ಸ್ ಬಗ್ಗೆ ಒಂದು ಮಾತು ಗೊತ್ತಿರಬೇಕು. ಅಲ್ಲಿ ಲಿನಕ್ಸ್ ಥರ ಕರ್ನೆಲ್ ಒಂದು ಕಡೆ, ನಿಮ್ಮ ಪ್ರೋಗ್ರಾಂ ಇನ್ನೊಂದು ಕಡೆ ಅಂತ ಗೋಡೆ ಇಲ್ಲ. ಎಲ್ಲ ಟಾಸ್ಕುಗಳೂ ಒಂದೇ ಮನೆಯಲ್ಲಿ, ಒಂದೇ ಅಡುಗೆ. ಫೈಲ್ ಸಿಸ್ಟಮ್ ಕೂಡ ಅದೇ ಮನೆಯವನೇ. ಅವನು ಊಟ ಜಾಸ್ತಿ ಮಾಡಿದರೆ ಉಳಿದವರಿಗೆ ಕಡಿಮೆ. ಈಗಲೂ ಫ್ರೀಆರ್‌ಟಿಒಎಸ್ ಅನ್ನುವ ಪುಟ್ಟ ಕರ್ನೆಲ್ ಹಾಕಿದ ನಮ್ಮ ಬಹುತೇಕ ಬೋರ್ಡುಗಳು ಹೀಗೇ ಓಡುತ್ತವೆ.

ಬೂಟ್ ಆಗುವಾಗ ಕರ್ನೆಲ್ ಏಳುತ್ತೆ, ಡ್ರೈವರುಗಳು ಸಜ್ಜಾಗುತ್ತವೆ, ಫ್ಲ್ಯಾಶ್ ಮೇಲಿನ ಫೈಲ್ ಸಿಸ್ಟಮ್ ಮೌಂಟ್ ಆಗುತ್ತೆ (ಬಳಕೆಗೆ ತೆರೆದುಕೊಳ್ಳುತ್ತೆ), ಆಮೇಲೆ ಉಳಿದ ಕೆಲಸಗಳು. ಚಿತ್ರಗಳು, ಅಳತೆಗಳು ಎಲ್ಲ ಫ್ಲ್ಯಾಶ್‌ನಲ್ಲಿ ಫೈಲುಗಳಾಗಿ ಕೂತಿರುತ್ತವೆ. ರಾತ್ರಿ ರೋವರ್ ಮಲಗುತ್ತೆ, ರ್ಯಾಮ್ ಖಾಲಿಯಾಗುತ್ತೆ, ಫ್ಲ್ಯಾಶ್ ಉಳಿಯುತ್ತೆ. ಅಂದರೆ ಇದು ದಿನಾ ಬೂಟ್ ಆಗುವ ಯಂತ್ರ. ಹದಿನೇಳು ದಿನ ಸರಿಯಾಗಿ ಎದ್ದಿದ್ದ ಯಂತ್ರ.

ಕೈಗೆ ಸಿಕ್ಕ ಸುಳಿವು 750 ಬೈಟ್

ಗುರುವಾರವೂ ಹೀಗೇ. ಒಂದು ಕಿರುಸಿಗ್ನಲ್, ಅಷ್ಟೇ. ಮಂಗಳ ಸುತ್ತುವ ಉಪಗ್ರಹಗಳ ಮೂಲಕ ಕೇಳಲು ನೋಡಿದರೂ ಪ್ರಯೋಜನಕ್ಕೆ ಬರುವಂಥದ್ದು ಸಿಗಲಿಲ್ಲ. ಜನವರಿ 23, ಶುಕ್ರವಾರ, ಭೂಮಿಯಿಂದ ಕೇಳಿಕೊಂಡ ಮೇಲೆ ರೋವರ್ ಸೆಕೆಂಡಿಗೆ 10 ಬಿಟ್ ವೇಗದಲ್ಲಿ ಸುಮಾರು 10 ನಿಮಿಷ ಮಾತಾಡಿತು. ಲೆಕ್ಕ ಹಾಕಿ: 6,000 ಬಿಟ್, ಅಂದರೆ 750 ಬೈಟ್. ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಹಿಡಿಯುತ್ತೆ, ಹಾಗಾಗಿ ಅಷ್ಟರಲ್ಲಿ ಒಂದು ಸಣ್ಣ ಪ್ಯಾರಾ ಬರೆಯುವುದೂ ಕಷ್ಟ. ಆಮೇಲೆ ಇನ್ನೊಂದು ಸಲ ಸೆಕೆಂಡಿಗೆ 120 ಬಿಟ್‌ನಂತೆ 20 ನಿಮಿಷ. ಅದು 18 ಸಾವಿರ ಬೈಟ್.

ಅಷ್ಟರಲ್ಲೇ ಚಿತ್ರ ಸ್ಪಷ್ಟವಾಗತೊಡಗಿತು. ಕಂಪ್ಯೂಟರ್ 60ಕ್ಕೂ ಹೆಚ್ಚು ಸಲ ರೀಸೆಟ್ ಆಗಿದೆ, ಹೆಚ್ಚುಕಡಿಮೆ ಗಂಟೆಗೊಂದರಂತೆ. ರಾತ್ರಿ ಮಲಗಿಲ್ಲ. ಬ್ಯಾಟರಿ ಇಳಿಯುತ್ತಿದೆ.

ಮಲಗದೇ ಇರುವುದು ಅಲ್ಲಿ ಸಣ್ಣ ವಿಷಯ ಅಲ್ಲ. ಸೋಲಾರ್ ಫಲಕದ ಮೇಲೆ ಬದುಕುವ ಯಂತ್ರ ಅದು, ರಾತ್ರಿ ಎಚ್ಚರ ಇದ್ದರೆ ಮರುದಿನಕ್ಕೆ ಶಕ್ತಿ ಇಲ್ಲ. ಬಲವಂತವಾಗಿ ಮಲಗಿಸುವ ಒಂದು ಕಮಾಂಡ್ ಇತ್ತು, ಅದರ ಹೆಸರನ್ನು ಬಿಡಿಸಿ ಓದಿದರೆ "ಶಟ್‌ಡೌನ್ ಡ್ಯಾಮ್ಮಿಟ್ ಅಂಟಿಲ್" ಅಂತ. ನಮ್ಮ ಭಾಷೆಯಲ್ಲಿ "ಸುಮ್ನೆ ಮಲಗೋ ಮಾರಾಯಾ, ಇಷ್ಟು ಹೊತ್ತಿನ ತನಕ". ಯಾರು ಹೆಸರಿಟ್ಟರೋ, ಆ ಎಂಜಿನಿಯರ್ ಹಿಂದೆ ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದನೋ! ಅದನ್ನೂ ಕಳಿಸಿದರು. ರೋವರ್ ಕೇಳಲಿಲ್ಲ.

ನಾನು ಇಲ್ಲಿ ಒಂದು ನಿಮಿಷ ನಿಲ್ಲುತ್ತೇನೆ. ಯಾಕಂದ್ರೆ ಬೂಟ್ ಆಗದ ಬೋರ್ಡಿನ ಮುಂದೆ ಕೂತಾಗ ಹೊಸಬರು ಮಾಡುವ ತಪ್ಪು ಇಲ್ಲೇ. ಅವರು "ಬೂಟ್ ಆಗ್ತಿಲ್ಲ ಸರ್" ಅನ್ನುತ್ತಾರೆ. ಬೂಟ್ ಆಗ್ತಿಲ್ಲ ಅನ್ನುವುದು ಒಂದು ಕಾಯಿಲೆ ಅಲ್ಲ, ಹತ್ತು ಕಾಯಿಲೆ. ಕ್ಲಾಕ್ ಬಂದಿಲ್ಲವಾ? ಕರ್ನೆಲ್‌ವರೆಗೆ ಬಂದು ಮೊದಲ ಟಾಸ್ಕಿಗೆ ಜಿಗಿಯುವಾಗ ಬಿತ್ತಾ? ಎಲ್ಲ ಟಾಸ್ಕೂ ಎದ್ದು ಆಮೇಲೆ ಬಿತ್ತಾ? ಒಂದೇ ಕಡೆ ನಿಂತಿದೆಯಾ, ಅಥವಾ ಸುತ್ತು ಹೊಡೀತಿದೆಯಾ? ನಿಂತ ಬೋರ್ಡಿಗೂ ಸುತ್ತು ಹೊಡೆಯುವ ಬೋರ್ಡಿಗೂ ಹುಡುಕುವ ದಾರಿಯೇ ಬೇರೆ. ಸ್ಪಿರಿಟ್ ತಂಡಕ್ಕೆ ಆ 750 ಬೈಟ್‌ಗಳು, ಆಮೇಲಿನ 18 ಸಾವಿರ ಬೈಟ್‌ಗಳು ಕೊಟ್ಟ ದೊಡ್ಡ ಉಡುಗೊರೆ ಇದೇ: ಯಂತ್ರ ಸತ್ತಿಲ್ಲ, ಸುತ್ತುತ್ತಿದೆ. ರೇಡಿಯೋ ಮಾತಾಡುವಷ್ಟು ಎಚ್ಚರವೂ ನಡುವೆ ಇದೆ.

ಉಳಿದದ್ದು ಯಾವುದು?

ರೋವರ್ ಏನೇ ತೊಂದರೆ ಕಂಡರೂ ರೀಸೆಟ್ ಆಗುವಂತೆ ಮಾಡಿದ್ದರು. ಬಹುತೇಕ ತೊಂದರೆಗೆ ಅದು ಸರಿಯಾದ ಮದ್ದು, ಯಾಕಂದ್ರೆ ಹಾಳಾದದ್ದು ಸಾಮಾನ್ಯವಾಗಿ ರ್ಯಾಮ್‌ನಲ್ಲಿ ಇರುತ್ತೆ, ರೀಸೆಟ್ ಆದರೆ ರ್ಯಾಮ್ ಹೊಸದಾಗಿ ತುಂಬುತ್ತೆ. ಆಫ್ ಮಾಡಿ ಆನ್ ಮಾಡಿದರೆ ಸರಿ ಹೋಗುತ್ತೆ ಅನ್ನುವ ಮಾತಿನ ಹಿಂದಿನ ಗುಟ್ಟು ಇಷ್ಟೇ. ಆದರೆ 60 ಸಲ ಆಫ್-ಆನ್ ಆದರೂ ಸರಿ ಹೋಗಲಿಲ್ಲ ಅಂದ್ರೆ?

ಆಗ ರ್ಯಾಮ್ ಮೇಲಿನ ಅನುಮಾನ ಹೋಯಿತು. ಉಳಿದದ್ದು ಮೂರು. ಫ್ಲ್ಯಾಶ್, ಇಇಪ್ರಾಮ್, ಇಲ್ಲವೇ ಹಾರ್ಡ್‌ವೇರ್. ಮೂರನೆಯದಾದರೆ ಕಥೆ ಮುಗಿದಂತೆ, ಮಂಗಳನ ಮೇಲೆ ಚಿಪ್ ಬದಲಾಯಿಸಲು ಆಗಲ್ಲ. ಹಾಗಾಗಿ ಮೊದಲು ಪರೀಕ್ಷಿಸಿದ್ದು ಬೇಗ ಪರೀಕ್ಷಿಸಬಹುದಾದದ್ದನ್ನು: ಫ್ಲ್ಯಾಶ್ ಮುಟ್ಟದೆ ಬೂಟ್ ಮಾಡಿ ನೋಡೋಣ.

ಇದು ಸಾಧ್ಯವಾದದ್ದು ಯಾರೋ ಪುಣ್ಯಾತ್ಮರು ವರ್ಷಗಳ ಹಿಂದೆಯೇ ಆ ಬಾಗಿಲು ಇಟ್ಟಿದ್ದರಿಂದ. ಮುಖ್ಯ ಸಾಫ್ಟ್‌ವೇರ್ ಎದ್ದಿರಲಿ ಬಿದ್ದಿರಲಿ, ರೇಡಿಯೋ ತಾನೇ ಬಿಡಿಸಿಕೊಂಡು ಓದಬಲ್ಲ ಕೆಲವೇ ಕೆಲವು ಕಮಾಂಡುಗಳಿದ್ದವು. ಅದರಲ್ಲಿ ಒಂದು "ಇನಿಟ್ ಕ್ರಿಪಲ್ಡ್". ಫ್ಲ್ಯಾಶ್ ಮೌಂಟ್ ಮಾಡಬೇಡ, ಅದರ ಬದಲು ರ್ಯಾಮ್‌ನಲ್ಲೇ ಒಂದು ತಾತ್ಕಾಲಿಕ ಫೈಲ್ ಸಿಸ್ಟಮ್ ಮಾಡಿಕೊಂಡು ಏಳು ಅನ್ನುವ ಆಜ್ಞೆ. ಕುಂಟುತ್ತಾ ಏಳು, ಆದರೆ ಏಳು.

ಕಳಿಸಿದರು. ಸುತ್ತು ನಿಂತಿತು. ರೋವರ್ ಎದ್ದು ಕೂತಿತು.

ಇದರ ಬೆಲೆ ನೋಡಿ. ಒಂದೇ ಒಂದು ಬದಲಾವಣೆ, ಒಂದೇ ಒಂದು ಉತ್ತರ, ಅಷ್ಟಕ್ಕೇ ಹಾರ್ಡ್‌ವೇರ್ ಮೇಲಿನ ಭಯ ಬಹುಪಾಲು ಇಳಿಯಿತು. ಜನವರಿ 24ಕ್ಕೆ ತಂಡ ಬಹಿರಂಗವಾಗಿ ಹೇಳಿತು, ತೊಂದರೆ ಫ್ಲ್ಯಾಶ್ ಮತ್ತು ಅದನ್ನು ನೋಡಿಕೊಳ್ಳುವ ಸಾಫ್ಟ್‌ವೇರ್ ಕಡೆ ಇದೆ ಅಂತ. ಅಮೆರಿಕದ ಗಡಿಯಾರದಲ್ಲಿ ಅದೇ ರಾತ್ರಿ, ಗ್ರಹದ ಇನ್ನೊಂದು ಬದಿಯಲ್ಲಿ, ಅವಳಿ ರೋವರ್ ಆಪರ್ಚುನಿಟಿ ಇಳಿಯಿತು. ಅದರಲ್ಲೂ ಇದೇ ಸಾಫ್ಟ್‌ವೇರ್! ಆ ಕೊಠಡಿಯಲ್ಲಿ ಕೂತವರ ಸ್ಥಿತಿ ನೆನೆಸಿಕೊಂಡರೆ ನನಗೆ ಈಗಲೂ ಹೊಟ್ಟೆಯಲ್ಲಿ ಕಲಸಿದಂತಾಗುತ್ತೆ.

ಅಳಿಸಿದ ಫೈಲು ಅಳಿಯುವುದಿಲ್ಲ

ಈಗ ಮೂಲಕ್ಕೆ ಬರೋಣ. ಫ್ಲ್ಯಾಶ್ ಚಿಪ್ಪಿಗೆ ಏನೂ ಆಗಿರಲಿಲ್ಲ. ಅದರ ಮೇಲಿನ ಫೈಲ್ ಸಿಸ್ಟಮ್ ಡಾಸ್ ಶೈಲಿಯದು, ಅಂದರೆ ನಮ್ಮ ಪೆನ್‌ಡ್ರೈವುಗಳಲ್ಲಿ ಇರುವ ಫ್ಯಾಟ್ ಕುಟುಂಬದ್ದು. ಇದರೊಳಗೆ ಒಂದು ಡೈರೆಕ್ಟರಿ ಹೇಗಿರುತ್ತೆ ಅಂತ ಹತ್ತಿರದಿಂದ ನೋಡಿದರೆ ಎಲ್ಲ ಅರ್ಥವಾಗುತ್ತೆ.

ಡೈರೆಕ್ಟರಿ ಅಂದರೆ ಒಂದು ಉದ್ದನೆಯ ಹಾಜರಿ ಪುಸ್ತಕ. ಪ್ರತಿ ಫೈಲಿಗೆ 32 ಬೈಟಿನ ಒಂದು ಸಾಲು. ಅದರಲ್ಲಿ ಮೊದಲ 11 ಬೈಟ್ ಹೆಸರು, ಆಮೇಲೆ ತಾರೀಖು, ಗಾತ್ರ, ಎಲ್ಲಿಂದ ಶುರು ಅನ್ನುವ ವಿವರ. ಫೈಲ್ ಅಳಿಸಿದಾಗ ಏನಾಗುತ್ತೆ? ಹೆಸರಿನ ಮೊದಲ ಬೈಟ್ ಮೇಲೆ ಹೆಕ್ಸಾದಲ್ಲಿ ಇ5 ಅಂತ ಬರೆಯುತ್ತೆ. ಅಷ್ಟೇ. ಹಾಜರಿ ಪುಸ್ತಕದಲ್ಲಿ ಹೆಸರಿನ ಮೇಲೆ ಒಂದು ಗೀಟು ಎಳೆದಂತೆ. ಸಾಲು ಅಲ್ಲೇ ಇರುತ್ತೆ. ಮುಂದೆ ಹೊಸ ಫೈಲ್ ಬಂದರೆ ಆ ಜಾಗದಲ್ಲಿ ಕೂರಬಹುದು, ಆದರೆ ಪುಸ್ತಕ ಮಾತ್ರ ಎಂದೂ ತೆಳ್ಳಗಾಗಲ್ಲ. ಒಂದು ಸಲ ಸಾವಿರಾರು ಸಾಲಿಗೆ ಬೆಳೆದರೆ, ಎಲ್ಲ ಫೈಲು ಅಳಿಸಿದರೂ ಅದು ಅಷ್ಟೇ ದಪ್ಪ.

ಸ್ಪಿರಿಟ್‌ನಲ್ಲಿ ಈ ಡೈರೆಕ್ಟರಿಯ ಪ್ರತಿಯನ್ನು ಮೌಂಟ್ ಮಾಡುವಾಗ ರ್ಯಾಮ್‌ಗೆ ತಂದಿಟ್ಟುಕೊಳ್ಳುತ್ತಿದ್ದರು. ವೇಗಕ್ಕಾಗಿ. ಹಾಗಾಗಿ ಹಿಡಿಯುವ ರ್ಯಾಮ್ ಫ್ಲ್ಯಾಶ್‌ನಲ್ಲಿ ಎಷ್ಟು ಡೇಟಾ ಇದೆ ಅನ್ನುವುದರ ಮೇಲೆ ಅಲ್ಲ, ಈವರೆಗೆ ಎಷ್ಟು ಫೈಲುಗಳಿದ್ದವು ಅನ್ನುವುದರ ಮೇಲೆ ನಿಂತಿತ್ತು. 2003ರ ಜೂನ್ 10ರಂದು ಹೊರಟ ರೋವರ್ ಸುಮಾರು ಏಳು ತಿಂಗಳು ದಾರಿಯಲ್ಲಿತ್ತು. ಆ ಪ್ರಯಾಣದಲ್ಲಿ ಹುಟ್ಟಿದ ಫೈಲುಗಳೆಲ್ಲ ಹಾಗೇ ಇದ್ದವು. ಇಳಿದ ಮೇಲೆ ದಿನಾ ಹೊಸ ಚಿತ್ರಗಳು, ಹೊಸ ಅಳತೆಗಳು. ಫ್ಲ್ಯಾಶ್‌ನಲ್ಲಿ ಜಾಗ ಇತ್ತು. ರ್ಯಾಮ್‌ನಲ್ಲಿ ಹಾಜರಿ ಪುಸ್ತಕ ಇಡಲು ಜಾಗ ಮುಗಿಯುತ್ತಾ ಬಂತು.

ಇಲ್ಲಿ ಎರಡು ಸೆಟ್ಟಿಂಗ್ ಸೇರಿ ಆಟ ಕೆಡಿಸಿದವು. ಫೈಲ್ ಸಿಸ್ಟಮ್‌ಗೆ ಇಷ್ಟೇ ಮೆಮೊರಿ ಅಂತ ಗಡಿ ಇರಬೇಕಿತ್ತು. ಆದರೆ ಹೊಂದಿಸಿದ್ದ ರೀತಿಯಲ್ಲಿ ತನ್ನ ಪಾಲು ಮುಗಿದರೆ ಅದು ಎಲ್ಲರಿಗೂ ಸೇರಿದ ಮೆಮೊರಿಗೇ ಕೈ ಹಾಕುತ್ತಿತ್ತು. ಅದು ಒಂದು. ಎರಡನೆಯದು, ಮೆಮೊರಿ ಕೇಳಿ ಸಿಗದಿದ್ದರೆ ಕೇಳಿದ ಟಾಸ್ಕನ್ನೇ ಅಲ್ಲಿಗೆ ಸಸ್ಪೆಂಡ್ ಮಾಡು ಅನ್ನುವ ಆಯ್ಕೆ ಆನ್ ಆಗಿತ್ತು.

ಈ ಎರಡನೆಯದು ಸುಮ್ನೆ ಹುಚ್ಚುತನ ಅಲ್ಲ. ಬೆಂಚಿನ ಮೇಲೆ ಇದು ಬಹಳ ಒಳ್ಳೆಯ ಆಯ್ಕೆ. ತಪ್ಪಾದ ಜಾಗದಲ್ಲೇ ಟಾಸ್ಕ್ ನಿಲ್ಲುತ್ತೆ, ನೀವು ಹೋಗಿ ಅದರ ಸ್ಟ್ಯಾಕ್ ನೋಡಬಹುದು, ಹೆಣ ಬಿದ್ದ ಜಾಗದಲ್ಲೇ ಸಿಗುತ್ತೆ. ಆದರೆ ಗುಸೆವ್ ಕುಳಿಯಲ್ಲಿ ಹೆಣ ನೋಡಲು ಬರುವವರು ಯಾರು? ನಿಂತ ಟಾಸ್ಕ್ ಫೈಲ್ ಸಿಸ್ಟಮ್‌ನ ಬೀಗ ಹಿಡಿದುಕೊಂಡೇ ನಿಂತಿತು. ಫೈಲ್ ಬೇಕಾದ ಬೇರೆ ಟಾಸ್ಕುಗಳು ಬಾಗಿಲಲ್ಲಿ ಕಾಯುತ್ತಾ ನಿಂತವು. ಮಲಗುವ ಮೊದಲು ಫೈಲ್ ಸಿಸ್ಟಮ್ ಮುಚ್ಚಬೇಕಲ್ಲ, ಮಲಗಿಸುವ ಕೆಲಸವೂ ಅದೇ ಸಾಲಿನಲ್ಲಿ ನಿಂತಿತು. ರೋವರ್ ರಾತ್ರಿಯಿಡೀ ಎದ್ದಿದ್ದಕ್ಕೆ, "ಮಲಗೋ ಮಾರಾಯಾ" ಅಂದರೂ ಕೇಳದಿದ್ದಕ್ಕೆ ಕಾರಣ ಇದು. ಕೊನೆಗೆ ಕಾವಲು ಕೋಡ್ ಏನೋ ಎಡವಟ್ಟಾಗಿದೆ ಅಂತ ಗಮನಿಸಿ ರೀಸೆಟ್ ಮಾಡುತ್ತಿತ್ತು.

ರೀಸೆಟ್ ಆದ ಮೇಲೆ ಬೂಟ್. ಬೂಟ್‌ನಲ್ಲಿ ಮೌಂಟ್. ಮೌಂಟ್‌ಗೆ ಅದೇ ದಪ್ಪ ಪುಸ್ತಕ, ಅದೇ ಮೆಮೊರಿ ಸಾಲದು, ಅದೇ ಸಸ್ಪೆಂಡ್. ಅರವತ್ತು ಸಲ ಅಲ್ಲ, ಆರು ಸಾವಿರ ಸಲ ತಿರುಗಿದರೂ ಇದು ತಾನಾಗಿ ಬಿಡುತ್ತಿರಲಿಲ್ಲ.

ಹೊಟ್ಟೆ ಉರಿಯುವ ವಿಷಯ ಒಂದಿದೆ. ಹಳೆಯ ಫೈಲುಗಳನ್ನು ತೆಗೆಯಬೇಕು ಅಂತ ತಂಡಕ್ಕೆ ಮೊದಲೇ ಗೊತ್ತಿತ್ತು. ಅಳಿಸುವುದಕ್ಕೆಂದೇ ಒಂದು ಸಣ್ಣ ಪ್ರೋಗ್ರಾಮನ್ನು 15ನೇ ಸೋಲ್‌ನಲ್ಲಿ ಕಳಿಸಿದ್ದರು. ಅದರ ಒಂದು ಭಾಗ ಸರಿಯಾಗಿ ತಲುಪಲಿಲ್ಲ. ಮತ್ತೆ ಕಳಿಸಲು ನಿಗದಿಯಾಗಿದ್ದು 19ನೇ ಸೋಲ್. ರೋವರ್ ಬಿದ್ದಿದ್ದು 18ಕ್ಕೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಅದೇ.

ಭೂಮಿಯ ಮೇಲಿನ ಪರೀಕ್ಷೆಯಲ್ಲಿ ಯಾಕೆ ಸಿಗಲಿಲ್ಲ ಅಂದರೆ, ಇಷ್ಟು ದಿನ ಒಟ್ಟಿಗೆ, ಇಷ್ಟು ಫೈಲು ತುಂಬಿಕೊಂಡು ಅಲ್ಲಿ ಓಡಿಸಿರಲಿಲ್ಲ. ನಾವೂ ಅಷ್ಟೇ, ಪರೀಕ್ಷೆಗೆ ಮೊದಲು ಫಾರ್ಮ್ಯಾಟ್ ಮಾಡಿಯೇ ಶುರು ಮಾಡುತ್ತೇವೆ, ಶುಚಿಯಾಗಿರಲಿ ಅಂತ.

ವಾಪಸ್ ತಂದದ್ದು

ದುರಸ್ತಿಯ ಭಾಗ ನಿಧಾನದ್ದು, ತಾಳ್ಮೆಯದು. ಕ್ರಿಪಲ್ಡ್ ಮೋಡ್ ಒಂದು ಬೂಟ್‌ಗೆ ಮಾತ್ರ. ರಾತ್ರಿ ಮಲಗಿ ಬೆಳಿಗ್ಗೆ ಎದ್ದರೆ ಮತ್ತೆ ಹಳೇ ದಾರಿ, ಹಾಗಾಗಿ ದಿನಾ ಬೆಳಿಗ್ಗೆ ಆ ಕಮಾಂಡ್ ಮತ್ತೆ ಕಳಿಸಬೇಕು. ರ್ಯಾಮ್‌ನಲ್ಲಿ ಇಟ್ಟದ್ದು ಮಲಗುವ ಮೊದಲೇ ಭೂಮಿಗೆ ಬರಬೇಕು, ಇಲ್ಲದಿದ್ದರೆ ಹೋಯಿತು. ಹೀಗೆ ದಿನ ದೂಡುತ್ತಾ ಹಳೆಯ ಫೈಲುಗಳನ್ನು ಅಳಿಸಿದರು, ಬೇಕಾದ ಡೇಟಾ ಎಳೆದುಕೊಂಡರು, ಕೊನೆಗೆ ಫೆಬ್ರವರಿ ಮೊದಲ ವಾರ ಫ್ಲ್ಯಾಶನ್ನು ಪೂರ್ತಿ ಫಾರ್ಮ್ಯಾಟ್ ಮಾಡಿದರು. ಪುಸ್ತಕ ಖಚಿತವಾಗಿ ತೆಳ್ಳಗಾಗುವ ದಾರಿ ಅದು. ಅದರ ಬೆನ್ನಿಗೇ ಸ್ಪಿರಿಟ್ ಅಡಿರಾಂಡಾಕ್ ಅನ್ನುವ ಬಂಡೆಯ ಮೈ ಉಜ್ಜಿ ತೆಗೆಯಿತು. 90 ಸೋಲ್ ಬಾಳಿದರೆ ಸಾಕು ಅಂದುಕೊಂಡಿದ್ದ ರೋವರ್ ಕೊನೆಯದಾಗಿ ಮಾತಾಡಿದ್ದು 2010ರ ಮಾರ್ಚ್ 22ಕ್ಕೆ.

ಆ ಕುಂಟು ದಾರಿ ಆಮೇಲೂ ಉಪಯೋಗಕ್ಕೆ ಬಂತು. ಹತ್ತು ವರ್ಷದ ನಂತರ, 2014ರಲ್ಲಿ ಆಪರ್ಚುನಿಟಿಯ ಫ್ಲ್ಯಾಶ್ ನಿಜಕ್ಕೂ ಸವೆದು ತೊಂದರೆ ಕೊಡತೊಡಗಿದಾಗ, ಅದನ್ನೂ ಫ್ಲ್ಯಾಶ್ ಇಲ್ಲದೆ ರ್ಯಾಮ್ ಮೇಲೆಯೇ ಎಷ್ಟೋ ದಿನ ಓಡಿಸಿದರು. ಆ ಸಲ ಕಾರಣ ಬೇರೆ, ಬಾಗಿಲು ಅದೇ.

ನನ್ನ ಬೆಂಚಿನ ಮೇಲೆ ಅದೇ ದೆವ್ವ

ಇಷ್ಟೆಲ್ಲ ಓದಿಕೊಂಡಿದ್ದೂ ನಾನು ಅದೇ ಗುಂಡಿಗೆ ಬಿದ್ದೆ. ಬ್ಯಾಡಗಿ ಕಡೆಯ ಒಂದು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿಗೆ ಉಷ್ಣಾಂಶ ದಾಖಲಿಸುವ ಬೋರ್ಡು ಮಾಡಿಕೊಟ್ಟಿದ್ದೆ. ಎಸ್‌ಟಿಎಂ32 ಚಿಪ್, ಮೇಲೆ ಫ್ರೀಆರ್‌ಟಿಒಎಸ್, ಒಂದು ಎಸ್‌ಡಿ ಕಾರ್ಡ್. ಎಂಟು ತಿಂಗಳು ಆರಾಮಾಗಿ ಓಡಿತು. ಒಂದು ದಿನ ಅಲ್ಲಿನ ಆಪರೇಟರ್ ಫೋನ್ ಮಾಡಿದರು.

"ಸರ್, ಬೋರ್ಡ್ ಚಾಲೂ ಆಗವಲ್ದು ನೋಡ್ರಿ. ಲೈಟ್ ಬರತೈತಿ, ಹೋಗತೈತಿ, ಮತ್ತ ಬರತೈತಿ."

"ಕಾರ್ಡ್ ಬದಲು ಮಾಡಿ ನೋಡಿದ್ರಾ?"

"ಹೊಸಾ ಕಾರ್ಡ್ ಹಾಕಿದ್ರ ಚಾಲೂ ಆಗತೈತ್ರಿ. ಹಳೇದು ಹಾಕಿದ್ರ ಮತ್ತ ಅದ ಹಾಡು."

ಕಾರ್ಡ್ ಕೆಟ್ಟಿದೆ ಅಂದುಬಿಟ್ಟೆ. ಎಷ್ಟು ಸುಲಭ! ಹಳೆ ಕಾರ್ಡ್ ಕೊರಿಯರ್‌ನಲ್ಲಿ ತರಿಸಿಕೊಂಡು ಲ್ಯಾಪ್‌ಟಾಪಿಗೆ ಹಾಕಿದೆ. ಎಲ್ಲ ಫೈಲೂ ಚೆನ್ನಾಗಿ ಓದಿಸಿಕೊಂಡವು, ಒಂದು ದೋಷ ಇಲ್ಲ. ನನ್ನ ಬೋರ್ಡಿಗೆ ಹಾಕಿದೆ, ಲೈಟ್ ಬಂತು, ಹೋಯಿತು. ಡೀಬಗ್ಗರ್ ಸಿಕ್ಕಿಸಿ ಬ್ರೇಕ್‌ಪಾಯಿಂಟ್ ಇಟ್ಟು ಒಂದೊಂದೇ ಹೆಜ್ಜೆ ಹೋದರೆ ಎಲ್ಲ ಸರಿ! ಯಾಕಂದ್ರೆ ಡೀಬಗ್ಗರ್‌ನಲ್ಲಿ ನಿಲ್ಲಿಸಿದಾಗ ವಾಚ್‌ಡಾಗೂ ನಿಲ್ಲುವಂತೆ ನಾನೇ ಹೊಂದಿಸಿದ್ದೆ.

ಆಗ ಮಾಡಿದ್ದು ಹಳೇ ಕಾಲದ ಉಪಾಯ. ಬೂಟ್‌ನ ಪ್ರತಿ ಮೆಟ್ಟಿಲಿಗೆ ಸೀರಿಯಲ್ ಪೋರ್ಟ್‌ನಲ್ಲಿ ಒಂದೊಂದು ಅಕ್ಷರ ಬಿಡುವುದು. ಇಂಟರಪ್ಟ್ ಬಳಸದೆ, ರಿಜಿಸ್ಟರ್ (ಚಿಪ್ಪಿನೊಳಗಿನ ಪುಟ್ಟ ಖಾನೆ) ಖಾಲಿಯಾಗುವವರೆಗೆ ಕಾದು ನೇರವಾಗಿ ತುರುಕುವುದು, ಯಾಕಂದ್ರೆ ಕರ್ನೆಲ್ ಇನ್ನೂ ನೆಟ್ಟಗೆ ಎದ್ದಿಲ್ಲದಾಗ ಅದರ ಸಹಾಯ ನಂಬಬಾರದು. ಜೊತೆಗೆ ಎಲ್ಲಕ್ಕಿಂತ ಮೊದಲ ಸಾಲಿನಲ್ಲಿ, ಹಿಂದಿನ ಸಲ ರೀಸೆಟ್ ಆದದ್ದು ಯಾಕೆ ಅನ್ನುವ ರಿಜಿಸ್ಟರನ್ನು ಓದಿ ಪ್ರಿಂಟ್ ಮಾಡಿದೆ. ಉತ್ತರ: ವಾಚ್‌ಡಾಗ್. ಅಕ್ಷರಗಳು ನಾಲ್ಕು ಬಂದು ಐದನೆಯದು ಬರಲಿಲ್ಲ. ಐದನೇ ಮೆಟ್ಟಿಲು, ಹೊಸ ಲಾಗ್ ಫೈಲ್ ತೆರೆಯುವುದು.

ಆ ಕೋಡ್ ನಾನೇ ಬರೆದದ್ದು, ನಾಲ್ಕು ಸಾಲು. ಪ್ರತಿ ಬೂಟ್‌ಗೆ ಒಂದು ಹೊಸ ಫೈಲ್. ಹೆಸರು ಲಾಗ್ 1 ಇದೆಯಾ? ಇದೆ. ಲಾಗ್ 2 ಇದೆಯಾ? ಇದೆ. ಹೀಗೆ ಖಾಲಿ ನಂಬರ್ ಸಿಗುವವರೆಗೆ. ಹತ್ತು ಫೈಲಿದ್ದಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತೆ. ಅಲ್ಲಿ ದಿನಕ್ಕೆ ಮೂರು ಸಲ ಕರೆಂಟ್ ಹೋಗುತ್ತಿತ್ತು, ಹೋಗಿ ಬಂದಾಗೆಲ್ಲ ಒಂದು ಬೂಟ್, ಒಂದು ಫೈಲ್. ಎಂಟು ತಿಂಗಳಿಗೆ 700 ದಾಟಿತ್ತು. ಒಂದೊಂದು ಹೆಸರು ಹುಡುಕಲೂ ಫ್ಯಾಟ್ ಡೈರೆಕ್ಟರಿಯನ್ನು ಮೊದಲಿನಿಂದ ಸಾಲು ಸಾಲಾಗಿ ಓದಬೇಕು. 512 ಬೈಟಿನ ಒಂದು ಸೆಕ್ಟರ್‌ನಲ್ಲಿ 16 ಸಾಲು. ಅಂದರೆ 700ನೇ ಫೈಲ್ ಹುಡುಕಲು 44 ಸೆಕ್ಟರ್, 699ಕ್ಕೂ ಅಷ್ಟೇ, ಹೀಗೆ ಎಲ್ಲ ಕೂಡಿಸಿದರೆ 15 ಸಾವಿರಕ್ಕೂ ಜಾಸ್ತಿ ಸೆಕ್ಟರ್ ಓದು. ಕಾರ್ಡಿಗೂ ಚಿಪ್ಪಿಗೂ ನಡುವಿನ ನನ್ನ ಎಸ್‌ಪಿಐ ಸಂಪರ್ಕದ ವೇಗದಲ್ಲಿ ಒಂದಕ್ಕೆ ಅರ್ಧ ಮಿಲಿಸೆಕೆಂಡ್. ಒಟ್ಟು ಸುಮಾರು 8 ಸೆಕೆಂಡ್.

ವಾಚ್‌ಡಾಗ್ ಇಟ್ಟದ್ದು ಎಷ್ಟಕ್ಕೆ? 8 ಸೆಕೆಂಡಿಗೆ.

ಯಾರ ಮೇಲೂ ತಪ್ಪು ಹೊರಿಸುವಂತಿಲ್ಲ, ಎಲ್ಲ ನನ್ನದೇ. ಆ ಆಪರೇಟರಿಗೆ ಫೋನ್ ಮಾಡಿ "ಕಾರ್ಡ್ ಸರಿ ಇದೆ, ನನ್ನ ಕೋಡ್ ಸರಿ ಇರಲಿಲ್ಲ" ಅಂದೆ. ಅವರು ನಕ್ಕರು, "ಹಂಗಾದ್ರ ಕಾರ್ಡಿನ ರೊಕ್ಕಾ ನೀವ ಕೊಡ್ರಿ" ಅಂದರು. ಕೊಟ್ಟೆ.

ಸರಿಪಡಿಸಿದ್ದು ಎರಡು ಕಡೆ. ಕೊನೆಯ ನಂಬರನ್ನು ಒಂದು ಕಡೆ ಬರೆದಿಟ್ಟುಕೊಳ್ಳುವುದು, ಜೊತೆಗೆ ತಿಂಗಳಿಗೊಂದು ಫೋಲ್ಡರ್. ಅದು ಸುಲಭದ ಭಾಗ. ಇನ್ನೊಂದು, ಸ್ಪಿರಿಟ್‌ನಿಂದ ಕದ್ದದ್ದು. ರೀಸೆಟ್ ಆದರೂ ಅಳಿಯದ ಒಂದು ಬ್ಯಾಕಪ್ ರಿಜಿಸ್ಟರ್‌ನಲ್ಲಿ ಬೂಟ್ ಎಣಿಕೆ. ಸತತ ಮೂರು ಬೂಟ್ ಸೋತರೆ ನಾಲ್ಕನೆಯದು ಕಾರ್ಡ್ ಮುಟ್ಟುವುದೇ ಇಲ್ಲ, ರ್ಯಾಮ್‌ನಲ್ಲಿ ಕೊನೆಯ ಒಂದು ಗಂಟೆಯ ಅಳತೆ ಇಟ್ಟುಕೊಂಡು, ಕೆಂಪು ಲೈಟ್ ಹಚ್ಚಿ, ಓಡುತ್ತಿರುತ್ತೆ. ಈ ಎಣಿಕೆಯನ್ನು ಸೊನ್ನೆ ಮಾಡುವುದು ಯಾವಾಗ ಅನ್ನುವುದರಲ್ಲಿ ಒಂದು ಕೊಕ್ಕೆ ಇದೆ. ಶೆಡ್ಯೂಲರ್ (ಟಾಸ್ಕುಗಳಿಗೆ ಸರದಿ ಕೊಡುವ ಕರ್ನೆಲ್ ಭಾಗ) ಶುರುವಾದ ಕೂಡಲೇ ಸೊನ್ನೆ ಮಾಡಿದರೆ ಎಲ್ಲ ವ್ಯರ್ಥ, ಯಾಕಂದ್ರೆ ನನ್ನ ಬೋರ್ಡು ಬೀಳುತ್ತಿದ್ದದ್ದು ಶೆಡ್ಯೂಲರ್ ಎದ್ದ ಮೇಲೆಯೇ, ಲಾಗ್ ಟಾಸ್ಕ್‌ನೊಳಗೆ. ಈಗ ಹತ್ತು ನಿಮಿಷ ಎಲ್ಲ ಟಾಸ್ಕೂ ನೆಟ್ಟಗೆ ಓಡಿದ ಮೇಲೆ ಮಾತ್ರ ಸೊನ್ನೆ. ಇದಲ್ಲದೆ ಒಂದು ಬಟನ್. ಅದನ್ನು ಒತ್ತಿ ಹಿಡಿದು ಕರೆಂಟ್ ಕೊಟ್ಟರೆ ನೇರ ಆ ಕುಂಟು ದಾರಿ. ಆ ದಾರಿಗೆ ಸೇರಿದ ಕೋಡಿನಲ್ಲಿ ಫೈಲ್ ಸಿಸ್ಟಮ್‌ನ ಒಂದೇ ಒಂದು ಕರೆ ಇಲ್ಲ, ಹುಡುಕಿ ಹುಡುಕಿ ತೆಗೆದಿದ್ದೇನೆ.

ಹೋದ ಮಳೆಗಾಲದಲ್ಲಿ ಅದೇ ಆಪರೇಟರ್ ಮತ್ತೆ ಫೋನ್ ಮಾಡಿದರು.

"ಸರ್, ಕೆಂಪು ಲೈಟ್ ಹತ್ತೇತ್ರಿ. ಟೆಂಪರೇಚರ್ ತೋರಸಾಕತ್ತೈತಿ, ಆದ್ರ ಕಾರ್ಡ್‌ನ್ಯಾಗ ಏನೂ ಬರಿಯವಲ್ದು."

"ಕಾರ್ಡ್ ತೆಗೆದು ನೋಡಿ, ಏನಾಗಿದೆ?"

ಸ್ವಲ್ಪ ಹೊತ್ತು ಸದ್ದಿಲ್ಲ.

"ನೀರ್ ಹೊಕ್ಕೈತ್ರಿ. ಈ ಸಲದ ರೊಕ್ಕಾ ನಾವ ಕೊಡತೀವಿ ಬಿಡ್ರಿ."